ವಾರಗಿತ್ತಿಯ ಅಪ್‌ಡೇಟ್

ಕಾಪುವಿನ ನಮ್ಮ ಮನೆಯಲ್ಲಿ ಕಂಪ್ಯೂಟರ್ ಕೆಲಸ ಮಾಡುವವಳು ಎಂದರೆ ಮೊದಲು ನಾನೊಬ್ಬಳೇ. ಕಾರ್ಕಳದ ಒಂದು ಕಾಲೇಜಿನ ಲ್ಯಾಬು ನನ್ನ ಸುಪರ್ದಿಯಲ್ಲಿದೆ. ಆಮೇಲೆ ಮೈದುನನ ಮದುವೆಯಾಗಿ ಶಿವಮೊಗ್ಗ ಕಡೆಯ ಹುಡುಗಿ ಬಂದಳು. ಉಡುಪಿ, ಮಣಿಪಾಲಗಳಲ್ಲಿ ಶಾಖೆಗಳಿರುವ ರಕ್ತಪರೀಕ್ಷಾ ಕೇಂದ್ರದಲ್ಲಿ ಅವಳಿಗೂ ಇದೇ ಕೆಲಸ. ಅವಳಿಗೆ ತುಳು ಬರುವುದಿಲ್ಲವೆಂದು ಅತ್ತೆ ಊಟದ ಹೊತ್ತಿನ ಮಾತನ್ನೆಲ್ಲ ಕನ್ನಡಕ್ಕೆ ತಿರುಗಿಸಿಕೊಂಡರು. ನಾನು ಸೊಸೆಯಾಗಿ ಬಂದಾಗ ನನಗಾಗಿ ಆ ಮನೆಯಲ್ಲಿ ಏನೂ ಬದಲಾಗಿರಲಿಲ್ಲ.

ಇಬ್ಬರ ಯಂತ್ರಗಳಲ್ಲೂ ಇದ್ದದ್ದು, ಬಳಸುವವರು ಮೂಲ ಭಾಗಕ್ಕೆ ಕೈ ಹಾಕಲಾಗದಂಥ ಆಪರೇಟಿಂಗ್ ಸಿಸ್ಟಮ್. ಅಪ್‌ಡೇಟ್ ಮಾಡುವ ದಾರಿ ಮಾತ್ರ ಬೇರೆ. ನನ್ನಲ್ಲಿ ಪ್ರತಿ ಯಂತ್ರವೂ ತನ್ನ ಈಗಿನ ಸ್ಥಿತಿಯದೊಂದು ಪ್ರತಿ ತೆಗೆದು, ಆ ಪ್ರತಿಯಲ್ಲಿ ಹೊಸದನ್ನು ಸೇರಿಸಿಕೊಂಡು, ಮುಂದಿನ ಸಲ ಆನ್ ಮಾಡಿದಾಗ ಅದರಿಂದ ಏಳುತ್ತದೆ. ಕೆಟ್ಟರೆ ಹಳೆಯದಕ್ಕೆ ಮರಳಿಸುವವಳು ನಾನು. ಅವಳಲ್ಲಿ ಡಿಸ್ಕಿಗೆ ಎರಡು ಪಾಲು. ಒಂದು ಕೆಲಸ ಮಾಡುತ್ತಿರುವಾಗಲೇ ಇನ್ನೊಂದಕ್ಕೆ, ಮೊದಲೇ ಕಟ್ಟಿಟ್ಟ ಇಡೀ ಇಮೇಜ್, ಅಂದರೆ ಇಡೀ ಸಿಸ್ಟಮ್ಮಿನ ಸಿದ್ಧ ಅಚ್ಚು, ಬಂದು ಕೂರುತ್ತದೆ. ಅದು ಏಳದಿದ್ದರೆ ಯಂತ್ರ ತಾನಾಗಿ ಹಳೆಯ ಪಾಲಿಗೆ ಹೋಗುತ್ತದೆ.

ಹಾಗಾಗಿ ಅಪ್‌ಡೇಟ್ ಇದ್ದ ದಿನವೂ ಅವಳು ಸಂಜೆಯ ಬಸ್ಸಿಗೆ ಬಂದು ಅತ್ತೆಯ ಜೊತೆ ಬಸಳೆ ಬಿಡಿಸುತ್ತಿದ್ದಳು. ನಾನು ಕಾರ್ಕಳದಿಂದ ಬರುತ್ತ ನಂದಿಕೂರು ದಾಟುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಬಸ್ ಸ್ಟಾಪಿನಿಂದ ಮೊಬೈಲಿನ ಬೆಳಕಿನಲ್ಲಿ ಒಬ್ಬಳೇ ನಡೆದು ಬರುತ್ತಿದ್ದೆ.

"ನಿನಗೆ ಮಾತ್ರ ಎಂತ ಇಷ್ಟು ಕೆಲಸ ಮಾರಾಯ್ತಿ?" ಎಂದರು ಅತ್ತೆ ಒಮ್ಮೆ. "ಇವಳದ್ದೂ ಕಂಪ್ಯೂಟರೇ ಅಲ್ವಾ?"

ನನಗೆ ಉರಿಯಿತು. ವಾರಗಿತ್ತಿಯ ಕಡೆ ತಿರುಗಿ, "ನಿನ್ನದರಲ್ಲಿ ಒಂದು ಪ್ರಿಂಟರಿನ ಡ್ರೈವರ್ ಬೇಕಾದರೂ ಇಡೀ ಇಮೇಜ್ ಹೊಸದಾಗಿ ಕಟ್ಟಬೇಕು, ಗೊತ್ತುಂಟಲ್ಲ?" ಎಂದೆ.

"ಹೌದು ಅಕ್ಕ, ಅದೇ ತಾಪತ್ರಯ. ನೀವಾದರೆ ಬೇಕಾದ್ದನ್ನು ಬೇಕಾದ ಕಡೆ ಹಾಕ್ಕೊಳ್ಳಬಹುದು," ಎಂದಳು ಅವಳು. ಅವಳು ವಾದಿಸಿದ್ದರೆ ನನಗೆ ಹಗುರಾಗುತ್ತಿತ್ತು.

ಬೇಕಾದ್ದನ್ನು ಬೇಕಾದ ಕಡೆ ಹಾಕಿಕೊಂಡದ್ದೇ ನನಗೆ ಮುಳುವಾಯಿತು. ಪ್ರತಿ ವಿಭಾಗದವರು ಕೇಳಿದ್ದನ್ನು ಸೇರಿಸುತ್ತ ಹೋಗಿ ಲ್ಯಾಬಿನ ಯಂತ್ರಗಳು ಒಂದೊಂದು ಒಂದೊಂದು ಥರ ಆಗಿದ್ದವು. ಪ್ರಾಯೋಗಿಕ ಪರೀಕ್ಷೆ ಹತ್ತಿರವಿದ್ದಾಗ ಮಾಡಿದ ಅಪ್‌ಡೇಟ್ ಅರ್ಧ ಯಂತ್ರಗಳಲ್ಲಿ ಸರಿಯಾಗಿ ಕೂತಿತು, ಉಳಿದರ್ಧದಲ್ಲಿ ಕೈಕೊಟ್ಟಿತು. ಕೈಕೊಟ್ಟವನ್ನು ಹಳೆಯದಕ್ಕೆ ಮರಳಿಸಿದ್ದೇನೋ ಹೌದು, ಆದರೆ ಈಗ ಲ್ಯಾಬಿನಲ್ಲಿ ಅರ್ಧ ಹೊಸದು, ಅರ್ಧ ಹಳೆಯದು. ಗಂಡ ಸುದ್ದಿಯನ್ನು ಮನೆಯಲ್ಲಿ ಹೇಳಿಬಿಟ್ಟರು. ಭಾನುವಾರ ವಾರಗಿತ್ತಿ ನಾನು ಕರೆಯದೆಯೇ ನನ್ನ ಜೊತೆ ಬಸ್ಸು ಹತ್ತಿದಳು.

ನಮ್ಮ ಲ್ಯಾಬಿನ ಡಿಸ್ಕುಗಳು ಚಿಕ್ಕವು, ಅವಳಲ್ಲಿಯ ಹಾಗೆ ಎರಡು ಪಾಲು ಮಾಡಿದರೆ ಮಕ್ಕಳ ಕೆಲಸಕ್ಕೆ ಜಾಗವೇ ಉಳಿಯುವುದಿಲ್ಲ. ಆದ್ದರಿಂದ ದಾರಿ ಬದಲಿಸುವ ಬದಲು ಎಲ್ಲ ಯಂತ್ರಗಳ ಮೂಲ ಭಾಗವನ್ನು ಒಂದೇ ಮಾಡಿ, ವಿಭಾಗಗಳು ಕೇಳಿದ ತಂತ್ರಾಂಶಗಳನ್ನು ಅದರ ಹೊರಗೆ, ಬೇರೆ ಬೇರೆ ಡಬ್ಬಿಗಳಲ್ಲಿಟ್ಟ ಹಾಗೆ, ಕಂಟೇನರ್‌ಗಳಲ್ಲಿಟ್ಟರೆ ಹೇಗೆ ಎಂದು ನನಗೆ ಹೊಳೆಯಿತು. "ಇದು ನನ್ನದಕ್ಕಿಂತ ಚೆನ್ನಾಗಿದೆ ಅಕ್ಕ," ಎಂದು ಅವಳು ಕೂತು ಒಂದು ಸಾಲಿನ ಯಂತ್ರಗಳನ್ನು ಮುಗಿಸಿಕೊಟ್ಟಳು. ಸಂಜೆ ಇಣುಕಿದ ಪ್ರಾಂಶುಪಾಲರು ಅವಳು ತೋರಿಸಿದ ಯಂತ್ರ ನೋಡಿ, "ಒಳ್ಳೆಯ ಐಡಿಯಾ ಮಾಡಿದಿರಿ, ನಮ್ಮಲ್ಲಿಗೇ ಬಂದುಬಿಡಿ," ಎಂದು ಅವಳಿಗೆ ಹೇಳಿದರು. ಐಡಿಯಾ ಅಕ್ಕನದು ಎಂದು ಅವಳು ಹೇಳಿದಳು. ಅವರು ಅದನ್ನು ವಿನಯವೆಂದುಕೊಂಡು ನಕ್ಕರು. ವಾಪಸಾಗುವಾಗ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಪರೀಕ್ಷೆ ಸುಸೂತ್ರವಾಗಿ ಮುಗಿಯಿತು. ಆಮೇಲಿನ ಅಪ್‌ಡೇಟ್‌ಗಳೂ ಸಲೀಸಾದವು, ನಾನೂ ಹೊತ್ತಿಗೆ ಸರಿಯಾಗಿ ಮನೆಗೆ ಬರತೊಡಗಿದೆ. ಆಗ ಅವಳ ಕೌಂಟರುಗಳಿಗೆ ಹೊಸ ಮಾದರಿಯ ಲೇಬಲ್ ಪ್ರಿಂಟರುಗಳು ಬಂದವು. ಅವುಗಳ ಡ್ರೈವರಿಗಾಗಿ ಇಮೇಜನ್ನು ಕಟ್ಟಿ, ಪರೀಕ್ಷಿಸಿ, ಮತ್ತೆ ಕಟ್ಟುತ್ತ ಅವಳು ದಿನವೂ ತಡವಾದಳು. ನಾನು ಹೇಳಿದ್ದೇ ಆಯಿತೆಂದು ಖುಷಿಯಿಂದ ಬಸಳೆ ಬಿಡಿಸುತ್ತ ಕೂತಿದ್ದೆ. ಅತ್ತೆ ಟಾರ್ಚ್ ಹಿಡಿದು ಹೊರಟರು.

"ಎಲ್ಲಿಗೆ ಅತ್ತೆ?"

"ಬಸ್ ಸ್ಟಾಪಿಗೆ. ಪಾಪ, ಆ ಹುಡುಗಿಗೆ ಇವತ್ತೂ ತಡ ಉಂಟಂತೆ."