ಅಗಸಿ ಎಣ್ಣೆ ಒಣಗುವ ತನಕ

ಎಣ್ಣೆ ಒಣಗದೇ ಹೋಗಬಹುದಿತ್ತು. ಒಣಗಿದರೂ ಹಳದಿಗೆ ತಿರುಗಬಹುದಿತ್ತು. ಪ್ಲಾಸ್ಟಿಕ್ಕು ಮೆತ್ತಗಾಗಿ ಮಡ್‌ಗಾರ್ಡು ಸುಟ್ಟ ಬದನೆಕಾಯಿಯ ಹಾಗೆ ಜೋತುಬೀಳಬಹುದಿತ್ತು. ವಾಟರ್ ಪೇಪರ್ ಹಿಡಿದು ತಿಕ್ಕುವಾಗ ಕೈ ಒಂದೇ ಕಡೆ ಓಡಿ ತೂತು ಬೀಳಬಹುದಿತ್ತು. ಎಣ್ಣೆ ಕುಡಿದ ಅರಿವೆಯನ್ನು ಮುದ್ದೆ ಮಾಡಿ ಒಗೆದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ ಎಂದು ಬಣ್ಣದಂಗಡಿಯವರು ಹೇಳಿದ್ದರು. ಹಾಗಾಗಿ ಅರಿವೆ ಹೊತ್ತಿ, ಅರಿವೆಯಿಂದ ಸಗಣಿಯ ಕುಳ್ಳು ಹೊತ್ತಿ, ಕುಳ್ಳಿನಿಂದ ಪೆಟ್ರೋಲ್ ಟಾಕಿ ಹೊತ್ತಿ, ರೋಣದ ನಮ್ಮ ಓಣಿಯೇ ಸುಟ್ಟುಹೋಗಬಹುದಿತ್ತು. ಬದಿ ಮನೆಯ ಎಮ್ಮೆ ಅಗಸಿ ಹಿಂಡಿ ತಿಂದು ಬೆಳೆದದ್ದು. ಅದು ವಾಸನೆ ಹಿಡಿದು ಬಂದು ಗಾಡಿಯನ್ನು ಹಿಂದಿನಿಂದ ಮುಂದಿನವರೆಗೆ ನೆಕ್ಕಬಹುದಿತ್ತು. ಸಂದಿಯಲ್ಲಿ ಚೇಳು ಕಡಿಯಬಹುದಿತ್ತು. ಮಲಪ್ರಭೆಗೆ ನೀರು ಬಂದು ಮೈದುನ ಬರುವ ರೈಲು ಹೊಳೆಆಲೂರಿನ ಆಚೆಯೇ ನಿಲ್ಲಬಹುದಿತ್ತು. ನೀರು ಬಾರದಿದ್ದರೂ ಡ್ರೈವರ್ ಮರೆತು ಹೊಳೆಆಲೂರಿನಲ್ಲಿ ನಿಲ್ಲಿಸದೇ ಹೋಗಬಹುದಿತ್ತು.

ಇಷ್ಟನ್ನೂ ನಾನು ಒಂದು ವಾರ ಮೊದಲೇ ಯೋಚಿಸಿ ಇಟ್ಟುಕೊಂಡಿದ್ದೆ. ನನ್ನ ಹೆಂಡತಿ ಮಸಾಲಿ ಖಾರ ಮಾಡಿ ಇಟ್ಟುಕೊಳ್ಳುವ ಹಾಗೆ ನಾನು ಕಾಳಜಿಯನ್ನು ಮೊದಲೇ ಕುಟ್ಟಿ ಡಬ್ಬಿ ತುಂಬಿಸಿ ಇಡುವವನು.

ಗಾಡಿ ನನ್ನದಲ್ಲ. ನನ್ನ ಹೆಂಡತಿಯ ತಮ್ಮ ಮಿಲಿಟರಿಯಲ್ಲಿದ್ದ. ಒಂದು ಸೂಟಿಗೆ ಬಂದಾಗ ಕೂಡಿಟ್ಟ ದುಡ್ಡಿನಲ್ಲಿ ಹೊಸ ಮೋಟರ್ ಸೈಕಲ್ ತೆಗೆದುಕೊಂಡು, ಸೂಟಿ ಮುಗಿಯುವ ತನಕ ಅದರ ಮೇಲಿಂದ ಇಳಿಯದೆ ತಿರುಗಾಡಿ, ಹೋಗುವಾಗ ನಮ್ಮ ಮನೆಗೆ ತಂದು ನಿಲ್ಲಿಸಿದ. ನರಗುಂದದ ಅವರ ಮನೆಯಲ್ಲಿ ಬಿಟ್ಟರೆ ಕಾಕಾನ ಮಕ್ಕಳು ಪಾಳಿ ಹಚ್ಚಿ ಗಾಡಿ ಹೊಡೆಯುತ್ತಾರೆ ಎಂಬುದು ಅವನ ಲೆಕ್ಕ.

“ಮಾಮಾ, ನಿಮ್ಮಲ್ಲೇ ಇರ್ಲಿ. ನೀವರೆ ಹೊಡ್ಯಾಂಗಿಲ್ಲ,” ಎಂದ.

ಇಡೀ ಬಳಗದಲ್ಲಿ ಗಾಡಿಗೆ ಹೆದರುವ ಗಂಡಸು ನಾನೊಬ್ಬನೇ ಎಂಬ ಕಾರಣಕ್ಕೆ ನನಗೆ ಆ ಗಾಡಿ ಸಿಕ್ಕಿತು. ನಾನು ಆಫೀಸಿಗೆ ಸೈಕಲ್ ಮೇಲೆ ಹೋಗುವವನು. ಅವನು ಹೇಳಿದಂತೆ ಪ್ರತಿ ರವಿವಾರ ಸ್ಟ್ಯಾಂಡಿನ ಮೇಲೇ ಗಾಡಿ ಚಾಲೂ ಮಾಡಿ, ನಿಂತಲ್ಲೇ ಸ್ವಲ್ಪ ಹೊತ್ತು ಓಡಿಸಿ, ದೂರ ಊರಿಗೆ ಹೋಗಿ ಬಂದವನ ಹಾಗೆ ಬೆವರು ಒರೆಸಿಕೊಳ್ಳುತ್ತಿದ್ದೆ.

ಎಲ್ಲಿ ನಿಲ್ಲಿಸುವುದು ಎಂಬುದೇ ದೊಡ್ಡ ಪ್ರಶ್ನೆಯಾಯಿತು. ಮನೆಯೊಳಗೆ ಇಟ್ಟರೆ ಪೆಟ್ರೋಲು, ಪಕ್ಕದಲ್ಲಿ ಒಲೆ. ಸಂದಿಯಲ್ಲಿ ಇಟ್ಟರೆ ಇಲಿ ವಾಯರ್ ಕಡಿಯುತ್ತವೆ. ತಾಡಪತ್ರಿ ಹೊಚ್ಚಿದರೆ ಒಳಗೆ ಹಸಿ ನಿಂತು ಕಬ್ಬಿಣಕ್ಕೆ ಜಂಗು. ಕೊನೆಗೆ ಮಲಗಿದಲ್ಲಿಂದ ಕಾಣಲಿ ಎಂದು ಕಿಟಕಿಯ ಕೆಳಗೆ ನಿಲ್ಲಿಸಿ, ಕಿಟಕಿಯ ಸರಳಿಗೆ ಸರಪಳಿ ಹಾಕಿ ಕೀಲಿ ಜಡಿದೆ. ಅವತ್ತಿನಿಂದ ನಾವಿಬ್ಬರೂ ಕೂಡಿ ಊರು ಬಿಟ್ಟು ಹೋಗಲಿಲ್ಲ. ಶಿರೋಳದ ಮದುವೆಗೆ ಅವಳೊಬ್ಬಳೇ ಹೋದಳು, ನಾನು ಗಾಡಿಯ ಹತ್ತಿರ ಕುಳಿತೆ. ಗಜೇಂದ್ರಗಡದಲ್ಲಿ ನನ್ನ ಗೆಳೆಯನ ಮನೆಶಾಂತಿಗೆ ನಾನೊಬ್ಬನೇ ಹೋದೆ, ಅವಳು ಕುಳಿತಳು. ರಾತ್ರಿ ಸರಪಳಿ ಸಪ್ಪಳಾದರೆ ಎದ್ದು ಕೂಡುವುದು ರೂಢಿಯಾಯಿತು. ಸಪ್ಪಳಾಗದಿದ್ದರೂ ಎದ್ದು ಕೂಡುತ್ತಿದ್ದೆ, ಯಾಕೆ ಆಗಲಿಲ್ಲ ಅಂತ.

ನಾನು ಹೆದರದೇ ಇದ್ದದ್ದು ಬಿಸಿಲಿಗೆ ಮಾತ್ರ. ರೋಣದಲ್ಲಿ ಇದ್ದು ಬಿಸಿಲಿಗೆ ಹೆದರಿದರೆ ಬದುಕುವುದೆಲ್ಲಿ?

ಬಿಸಿಲು ತನ್ನ ಕೆಲಸ ಮಾಡಿತು. ಮುಂದಿನ ಮಡ್‌ಗಾರ್ಡು, ಸೀಟಿನ ಕೆಳಗಿನ ಎರಡೂ ಸೈಡ್ ಕವರು, ಹಿಂದಿನ ಬಾಲ, ಹೀಗೆ ಕರೀ ಪ್ಲಾಸ್ಟಿಕ್ ಇದ್ದಲ್ಲೆಲ್ಲ ಮೊದಲು ಬೂದು, ಆಮೇಲೆ ಬಿಳಿಚು. ದಿನಾ ನೋಡುತ್ತಿದ್ದ ನಮಗೆ ಗೊತ್ತೇ ಆಗಲಿಲ್ಲ. ಮುಂದಿನ ಸೂಟಿಗೆ ಬಂದವನಿಗೆ ಗೊತ್ತಾಯಿತು. ಅವನು ಚೀಲ ಇಳಿಸುವ ಮೊದಲೇ ಮಡ್‌ಗಾರ್ಡಿನ ಮೇಲೆ ಬೆರಳು ಎಳೆದ. ಬೆರಳಿಗೆ ಬಿಳಿ ಪುಡಿ ಬಂತು.

“ಮಾಮಾ, ಇದಕ್ಕೂ ವಿಭೂತಿ ಹಚ್ಚಿ ಕೂಡ್ಸೀರೇನ್ರಿ?”

ನಾನು ನಕ್ಕೆ. ಅವನು ನಗಲಿಲ್ಲ. ಅವನ ಅಕ್ಕ ಒಲೆಯ ಮೇಲೆ ಚಹಾ ಇಟ್ಟಿದ್ದಳು, ಅದು ಕುದಿಯುವುದರೊಳಗೆ ನರಗುಂದದ ಬಸ್ಸು ಹಿಡಿದು ಹೋಗಿಬಿಟ್ಟ. ಆ ಮೇಲೆ ಫೋನಿಲ್ಲ. ವರ್ಷ ಕಳೆಯುವ ಹೊತ್ತಿಗೆ ಅತ್ತೆಯವರ ಬಾಯಿಂದ ಸುದ್ದಿ ಬಂತು: ದಸರೆಗೆ ಬರುತ್ತಾನೆ, ಗಾಡಿ ಒಯ್ಯುತ್ತಾನೆ.

ನನಗೆ ಒಂದು ಕ್ಷಣ ಹಾಯೆನಿಸಿತು. ಹೆಂಡತಿಯ ಮುಖ ನೋಡಿದ ಮೇಲೆ ಅದು ಉಳಿಯಲಿಲ್ಲ.

“ಗಾಡಿ ಒಯ್ದ ಮ್ಯಾಲ ಅಂವಾ ಈ ಮನಿಗೆ ಯಾಕ ಬರ್ತಾನ ಹೇಳ್ರಿ,” ಅಂದಳು. “ಇರಾವ ಒಬ್ಬ ತಮ್ಮ. ಆ ಚಾ ನಾ ಬಚ್ಚಲಕ್ಕ ಚೆಲ್ಲೀನಿ. ಇನ್ನೊಮ್ಮಿ ಹಂಗ ಚೆಲ್ಲಾಕ ನನ್ನ ಕಡೆ ಆಗಾಂಗಿಲ್ಲ.”

ಹೀಗೆ ಆ ಕರೀ ಪ್ಲಾಸ್ಟಿಕ್ಕನ್ನು ಮತ್ತೆ ಕರಿ ಮಾಡುವುದು ನನ್ನ ಕೊರಳಿಗೆ ಬಂತು.

ಮೊದಲು ಕೊಬ್ಬರಿ ಎಣ್ಣೆ ಹಚ್ಚಿದೆ. ಮುಂಜಾನೆ ಮಿಂಚಿತು, ಸಂಜೆಗೆ ಮತ್ತೆ ಬೂದಿ. ಕುಸುಬಿ ಎಣ್ಣೆ ಹಚ್ಚಿದೆ. ಅದು ನಮ್ಮ ಎರೆಮಣ್ಣಿನ ಧೂಳನ್ನೆಲ್ಲ ಕರೆದು ಕೂಡಿಸಿಕೊಂಡಿತು. ಬಿತ್ತಿದರೆ ಜೋಳ ಬರುವಂತಿತ್ತು. ಬೂಟ್ ಪಾಲಿಶ್ ಹಚ್ಚಿದೆ. ಅದರ ಕಪ್ಪು ಗಾಡಿಯ ಮೇಲೆ ನಿಂತದ್ದಕ್ಕಿಂತ ಹೆಚ್ಚು ಕಿಟಕಿಗೆ ಒಣಹಾಕಿದ ಸೀರೆಯ ಮೇಲೆ ನಿಂತಿತು. ಆ ಸೀರೆಯನ್ನು ನಾನೇ ಒಗೆದೆ.

ಆಫೀಸಿನ ಕೆಲಸಕ್ಕೆ ಗಜೇಂದ್ರಗಡಕ್ಕೆ ಹೋದಾಗ ಬಣ್ಣದಂಗಡಿಗೆ ಹೊಕ್ಕು, ಗಾದಿಯ ಮೇಲೆ ಕುಳಿತಿದ್ದ ಸಾಬರಿಗೆ ನನ್ನ ಸಂಕಟ ಹೇಳಿದೆ. ಅವರು ಚೌಕಟ್ಟು ಬಾಗಿಲಿಗೆ ಹಚ್ಚುವ, ಕಾಯಿಸಿದ ಅಗಸಿ ಎಣ್ಣೆಯ ಡಬ್ಬಿ ಮುಂದಿಟ್ಟರು.

“ಪೇಪರ್ ಹಚ್ಚಿ ತಿಕ್ಕ್ರಿ, ತೊಳೀರಿ, ಒಣಗಸ್ರಿ. ಆಮ್ಯಾಲ ಇದನ್ನ ತೆಳ್ಳಗ ಒರಸ್ರಿ. ಒಂದು ದಿನಾ ಯಾರೂ ಮುಟ್ಟಬಾರ್ದು, ಧೂಳ ಬೀಳಬಾರ್ದು. ಅಂಟ ಇರ್ತದ ನೋಡ್ರಿ.”

“ಸುಟ್ಟಗಿಟ್ಟ ಹೋಗಾಂಗಿಲ್ಲಲ್ರಿ?”

“ಗಾಡಿ ಸುಡಾಂಗಿಲ್ಲ. ಅರಿವಿ ಮುದ್ದಿ ಮಾಡಿ ಒಗದ್ರ ಸುಡ್ತದ.”

ಕೇಳಬಾರದಿತ್ತು.

ಮೈದುನ ದಸರೆಯ ಮರುದಿನ ಬರುವವನಿದ್ದ. ಹಾಗಾಗಿ ಹಬ್ಬದ ದಿನ ಮಧ್ಯಾಹ್ನ ಹೋಳಿಗೆ ಉಂಡು ಕೆಲಸಕ್ಕೆ ಇಳಿದೆ. ನಮ್ಮ ಮನೆಗೂ ಬದಿ ಮನೆಗೂ ನಡುವೆ ಒಂದು ಸಂದಿ. ಮೇಲೆ ತಗಡು, ಆ ತುದಿಗೆ ಗೋಡೆ, ಈ ತುದಿ ಓಣಿಗೆ ತೆರೆದದ್ದು. ಧೂಳು ಬಾರದ ಜಾಗ ಅದೊಂದೇ. ಗಾಡಿಯನ್ನು ಮೂತಿ ಒಳಗೆ ಮಾಡಿ ನೂಕಿ, ನಡುಸ್ಟ್ಯಾಂಡ್ ಹಾಕಿ, ಸಂದಿಯ ಬಾಯಿಗೆ ತೊಯ್ಸಿದ ಹಳೇ ಸೀರೆ ಕಟ್ಟಿದೆ. ಗಾಡಿಗೂ ಗೋಡೆಗೂ ನಡುವೆ ಉಳಿದ ಜಾಗ ಒಂದೇ ಬದಿಗೆ, ಅದೂ ನಾನು ಉಸಿರು ಬಿಗಿಹಿಡಿದರೆ ಮಾತ್ರ ನನ್ನ ಹೊಟ್ಟೆ ಹಾಯುವಷ್ಟು.

ತಿಕ್ಕುವುದು, ತೊಳೆಯುವುದು ಹಿಂದಿನ ದಿನವೇ ಮುಗಿದಿತ್ತು. ಇನ್ನು ಎಣ್ಣೆ. ಹಿಂದಿನ ಬಾಲದಿಂದ ಶುರು ಮಾಡಿದೆ. ಒರೆಸಿದಲ್ಲಿ ಬೂದು ಹೋಗಿ ಕಪ್ಪು ಏಳುತ್ತಿತ್ತು, ತವೆಯ ಮೇಲೆ ನೀರು ಹೊಡೆದಂತೆ. ಎಂಥ ಕಪ್ಪು! ಆ ಖುಷಿಯಲ್ಲಿ ಸೀಟಿನ ಮೇಲೆ ಬಾಗಿ ಬಲಗಡೆಯ ಸೈಡ್ ಕವರು ಮುಗಿಸಿದೆ, ಗೋಡೆಗೆ ಬೆನ್ನು ಹಚ್ಚಿ ಸರಿಯುತ್ತ ಎಡಗಡೆಯದು ಮುಗಿಸಿದೆ, ಮುಂದೆ ಹೋಗಿ ಮಡ್‌ಗಾರ್ಡು ಮುಗಿಸಿದೆ. ಅರಿವೆಯನ್ನು ನೀರಿನ ಬಕೆಟಿನಲ್ಲಿ ಮುಳುಗಿಸಿದೆ. ಎದ್ದು ನಿಂತೆ.

ಹಿಂದೆ ಗೋಡೆ. ಮುಂದೆ ಗಾಡಿ. ನಾನು ಹಾಯಬೇಕಾದ ಬದಿಯುದ್ದಕ್ಕೂ ಹಸಿ ಎಣ್ಣೆ.

ಹೊಟ್ಟೆ ಒಳಗೆಳೆದು ಒಂದು ಹೆಜ್ಜೆ ಹಾಕಿ ನೋಡಿ, ಹಿಂದೆ ಸರಿದೆ. ಆಮೇಲೆ ಹೆಂಡತಿಯನ್ನು ಕೂಗಿದೆ. ಅವಳು ಸೀರೆಯ ಪರದೆ ಸರಿಸಿ ನೋಡಿದಳು. ನನ್ನನ್ನು ನೋಡಿದಳು, ಗಾಡಿಯನ್ನು ನೋಡಿದಳು.

“ನೆಲಾ ಸಾರಸೂವಾಗ ಬಾಗಲದ ಕಡೆ ಬರಬೇಕಂತ ಸಣ್ಣ ಹುಡುಗೀಗೂ ಗೊತ್ತಿರ್ತೈತಿ,” ಅಂದಳು. “ನೀವು ಮೂಲಿಗೆ ಹೋಗೀರಿ.”

“ಈಗ ಹ್ಯಾಂಗ ಮಾಡೂದು?”

“ಸೀಟಿನ ಮ್ಯಾಲ ಹತ್ತಿ ದಾಟಿ ಬರ್ರಿ.”

“ಗಾಡಿ ವಾಲಿದ್ರ?”

“ಹಂಗಾದ್ರ ಹಿಂದಕ್ಕ ನೂಕ್ರಿ, ನಾ ಜಗ್ಗತೇನಿ.”

“ಗೋಡಿಗೆ ತಾಗಿದ್ರ? ಹೊರಗ ಧೂಳ ಐತಿ.”

“ಹಂಗಾದ್ರ ಅಲ್ಲೇ ಇರ್ರಿ,” ಎಂದು ಪರದೆ ಬಿಟ್ಟು ಹೋದಳು. ಹೋದವಳು ತಿರುಗಿ ಬಂದು ಒಂದು ಮಾತು ಕೂಡಿಸಿದಳು: “ಇವತ್ತ ಬನ್ನಿ ಹಬ್ಬ ಅನ್ನೂದರೆ ನೆನಪೈತೇನ್ರಿ?”

ಚೇಳು, ಎಮ್ಮೆ, ರೈಲು ಎಲ್ಲ ನೆನಪಿತ್ತು. ಬನ್ನಿ ಕೊಡಲು ಸಂಜೆ ಓಣಿಗೆ ಓಣಿಯೇ ಮನೆಗೆ ಬರುತ್ತದೆ ಎಂಬುದು ನೆನಪಿರಲಿಲ್ಲ.

ಹೊತ್ತು ಇಳಿಯಿತು. ತಗಡಿನ ಕಾವು ಇನ್ನೂ ಇಳಿದಿರಲಿಲ್ಲ, ಅಗಸಿಯ ಘಾಟು ಗಂಟಲಿಗೆ ಕುಳಿತಿತ್ತು. ಕೂಡಲು ಹೋದರೆ ಮೊಣಕಾಲು ಮಡ್‌ಗಾರ್ಡಿಗೆ ತಾಗುತ್ತದೆ. ನಿಂತರೆ ತಲೆ ತಗಡಿಗೆ. ಅರ್ಧ ಕುಳಿತು ಅರ್ಧ ನಿಂತು, ಎದುರಿಗಿದ್ದ ಹೆಡ್‌ಲೈಟಿನ ಗಾಜಿನಲ್ಲಿ ನನ್ನದೇ ಉಬ್ಬಿದ ಮುಖ ನೋಡುತ್ತ ಕಾಲ ಕಳೆದೆ. ಬಟ್ಟೆ ಒಣಗುವುದು, ಶಾವಿಗೆ ಒಣಗುವುದು ಕಣ್ಣಿಗೆ ಕಾಣುತ್ತದೆ. ಅಗಸಿ ಎಣ್ಣೆ ಒಣಗುವುದು ಕಾಣುವುದಿಲ್ಲ.

ಮೊದಲು ಬಂದವಳು ಎಮ್ಮೆಯ ಮನೆಯ ಅಜ್ಜಿ.

“ಅಯ್ಯ ತಮ್ಮಾ, ಹಬ್ಬದ ದಿನಾ ಅಲ್ಯಾಕ ನಿಂತಿ? ಹೆಂಡ್ತಿ ಹೊರಗ ಹಾಕಿದಳೇನು?”

“ಹೊರಗಲ್ಲ ಅಜ್ಜಿ, ಒಳಗ ಹಾಕೀನಿ,” ಎಂದಳು ಹೆಂಡತಿ.

ಸುದ್ದಿ ಹಬ್ಬಿತು. ಬನ್ನಿ ಕೊಡಲು ಬಂದವರು ಮನೆಯೊಳಗೆ ಹೋಗುವುದು ಬಿಟ್ಟು ಸಂದಿಯ ಬಾಯಿಗೆ ಬಂದು ನಿಂತರು. ದೊಡ್ಡವರು ದೂರದಿಂದಲೇ ಕೈ ಮುಗಿದರು. ಸಣ್ಣವರು ನನ್ನ ಕಾಲು ಎಲ್ಲಿವೆ ಎಂದು ಗಾಡಿಯ ಕೆಳಗೆ ಬಾಗಿ ನೋಡಿದರು. “ಕಾಕಾ, ನಿಮ್ಮ ಪಾದ ಕಾಣವಲ್ವು, ಗಾಲಿಗೇ ನಮಸ್ಕಾರ ಮಾಡ್ಲೇನ್ರಿ?” ಎಂದೊಬ್ಬ ಕೇಳಿದ. “ಮಾಡು, ಮುಟ್ಟಬ್ಯಾಡ,” ಎಂದೆ. ಬಂದವರಿಗೆಲ್ಲ ನಾನು ಹೇಳಿದ್ದು ಅದೊಂದೇ ಮಾತು: ಮುಟ್ಟಬ್ಯಾಡ್ರಿ.

ದೀಪ ಹಚ್ಚುವ ಹೊತ್ತಿಗೆ ಹೊರಗೆ ಬೂಟಿನ ಸಪ್ಪಳ ಬಂತು. ಆಮೇಲೆ ಹೆಂಡತಿಯ ದನಿ ಕೇಳಿತು, ಅದು ಅವಳ ದನಿಯ ಹಾಗಿರಲಿಲ್ಲ.

“ಯಾಕೋ, ನಾಳೆ ಬರ್ತೀನಿ ಅಂದಿದ್ದಿ?”

“ಬನ್ನಿಗೆ ಬರಬೇಕನಿಸ್ತು, ಬಂದೆ. ಮಾಮಾ ಎಲ್ಲಿ?”

ಪರದೆ ಸರಿಯಿತು. ಹೆಗಲಿಗೆ ಚೀಲ, ಕೈಯಲ್ಲಿ ಬನ್ನಿಯ ಎಸಳು. ಬಲ್ಬಿನ ಬೆಳಕಿನಲ್ಲಿ ಅವನ ಕಣ್ಣು ಮೊದಲು ಬಾಲದ ಮೇಲೆ, ಆಮೇಲೆ ಸೈಡ್ ಕವರಿನ ಮೇಲೆ, ಹಾಗೇ ಮುಂದೆ ಸರಿದು, ಕೊನೆಗೆ ಹ್ಯಾಂಡಲಿನ ನಡುವೆ ಇದ್ದ ನನ್ನ ತಲೆಯ ಮೇಲೆ ನಿಂತಿತು. ಬೆರಳು ಚಾಚಿದ.

“ಮುಟ್ಟಬ್ಯಾಡಪಾ!” ಎಂದು ಚೀರಿದೆ. “ಹಸಿ ಐತಿ.”

ಬೆರಳು ಅಲ್ಲೇ ನಿಂತಿತು. “ನೀವು ಯಾವಾಗಿಂದ ಅಲ್ಲಿದ್ದೀರಿ ಮಾಮಾ?”

“ಊಟಾ ಆದಾಗಿಂದ,” ಎಂದು ಅಕ್ಕ ಹಿಂದಿನಿಂದ ಹೇಳಿದಳು. “ನಿನ್ನ ಗಾಡಿ ಕೆಡತೈತಂತ ಹೊರಗ ಬರಾವಲ್ರು.”

ಅವನ ಮುಖದಲ್ಲಿ ಏನಾಗುತ್ತಿದೆ ಎಂದು ನನಗೆ ತಿಳಿಯಲಿಲ್ಲ. ಅವನು ಬಾಲದ ಕಡೆ ಬಾಗಿದ್ದ, ನಡುವೆ ಹೆಡ್‌ಲೈಟು. ಆಮೇಲೆ ಅವನು ನಕ್ಕ. ಒಂದು ವರ್ಷದ ನಗೆ ಒಮ್ಮೆಲೇ ಬಂದಂತೆ, ಸಂದಿಯ ಗೋಡೆ ಹಿಡಿದುಕೊಂಡು ನಕ್ಕ.

“ಅಕ್ಕಾ, ಚಾ ಇಡು. ಮಾಮಾಗೂ ಇಲ್ಲೇ ಕೊಡು.”

ಹೆಂಡತಿ ಓಡಿದ ಸಪ್ಪಳ ಕೇಳಿತು. ಅವನು ಸೀಟಿನ ಮೇಲೆ ಬಾಗಿ ಬನ್ನಿ ಚಾಚಿದ. ನಾನು ಹ್ಯಾಂಡಲಿನ ಮೇಲಿಂದ ಬಾಗಿ, ಒಂದು ಕೈಯಿಂದ ಇಸಿದುಕೊಂಡು ಇನ್ನೊಂದು ಕೈಯಿಂದ, ಮುಂಜಾನೆ ಪೂಜೆಯಿಂದ ನನ್ನ ಕಿಸೆಯಲ್ಲೇ ಉಳಿದಿದ್ದ ಎಸಳು ಅವನಿಗೆ ಕೊಟ್ಟೆ. ಟಾಕಿಯ ಮೇಲೆ ನಮ್ಮಿಬ್ಬರ ಕೈ ಕೂಡಿದವು. “ಬಂಗಾರದಂಗ ಇರೂನು ಮಾಮಾ,” ಎಂದ. ಚಹಾ ಬಂತು. ನನ್ನ ಬಟ್ಟಲು ಸೀಟಿನ ಮೇಲಿಂದ ಕೈಗೆ ಕೈ ದಾಟಿ ಬಂತು. ಅವನು ಸಂದಿಯ ಬಾಯಿಗೆ ಮಣೆ ಹಾಕಿಕೊಂಡು ಕುಳಿತು ಎರಡು ಬಟ್ಟಲು ಕುಡಿದ. ಹೆಂಡತಿ ಮೂರನೆಯದಕ್ಕೂ ಇಟ್ಟಿದ್ದಳು.

ನನ್ನನ್ನು ಹೊರಗೆ ತೆಗೆದದ್ದೂ ಅವನೇ. ಬೂಟು ಕಳಚಿ, ಎಣ್ಣೆ ಮುಟ್ಟದೆ ಹಿಂದಿನಿಂದ ಗಾಡಿಯನ್ನು ಅಲುಗದಂತೆ ಹಿಡಿದು, “ಹತ್ರಿ, ನಾ ಇದ್ದೀನಿ,” ಎಂದ. ಹತ್ತಿ ದಾಟಿದೆ. ಏನೂ ವಾಲಲಿಲ್ಲ.

ಎರಡು ದಿನ ಇದ್ದ. ಗಾಡಿಯನ್ನು ಬಿಸಿಲಿಗೆ ಎಳೆದು ಸುತ್ತು ಹೊಡೆದು ನೋಡಿದ, ಹೊಳೆಆಲೂರಿನ ತನಕ ಹೋಗಿ ಬಂದ. ಹೊರಡುವ ಮುಂಜಾನೆ ಕೀಲಿಯನ್ನು ನನ್ನ ಅಂಗಿಯ ಕಿಸೆಗೆ ಹಾಕಿದ.

“ಇಲ್ಲೇ ಇರ್ಲಿ ಮಾಮಾ. ನಿಮ್ಮಷ್ಟು ಯಾರೂ ಕಾಯಾಂಗಿಲ್ಲ. ಮುಂದಿನ ಸೂಟಿಗೂ ಇಲ್ಲಿಗೇ ಬರ್ತೀನಿ.”

ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಕಿಸೆಯ ಮೇಲೆ ಕೈ ಇಟ್ಟುಕೊಂಡೆ; ಕೀಲಿಯ ಭಾರ ಹಳೇ ಭಾರವೇ. ಬಸ್ಸು ಹೋದ ಮೇಲೆ ಬಂದು ಸರಪಳಿ ಹುಡುಕಿದೆ. ಕಿಟಕಿಯ ಕೆಳಗೆ ಬಿಸಿಲು, ಒಳಗೆ ಒಲೆ, ಸಂದಿಯಲ್ಲಿ ಇಲಿ. ಮತ್ತೆ ಮೊದಲಿನಿಂದ ಯೋಚಿಸಲು ಕುಳಿತೆ.

ಆಗಲೇ ಕಂಡದ್ದು. ಎಡಗಡೆಯ ಸೈಡ್ ಕವರಿನ ನಟ್ಟನಡುವೆ ಅಕ್ಕಿ ಕಾಳಿನಷ್ಟು ಒಂದು ಬನ್ನಿ ಎಲೆ, ನಾವು ಕೈ ಕೂಡಿಸಿದಾಗ ಉದುರಿದ್ದು, ಎಣ್ಣೆಯೊಳಗೆ ಅಂಟಿ ಒಣಗಿ ಕುಳಿತಿತ್ತು. ಉಗುರಿನಿಂದ ಎಬ್ಬಿಸಿದೆ. ಎಲೆ ಬಂತು, ಅದರ ಅಚ್ಚು ಬರಲಿಲ್ಲ.