ಕುಮ್ಕಿ ದಾರಿಯ ವಾರಿಜಕ್ಕ

ಕಾಪುವಿನ ವಾರಿಜಕ್ಕ ಇಪ್ಪತ್ತೆಂಟು ವರ್ಷ ಮಣಿಪಾಲದ ಮನೆಮನೆಗೆ ಮೀನು ಹೊತ್ತವಳು. ಯಾವ ಮನೆಯ ಮಾಳಿಗೆಯಲ್ಲಿ ಎಷ್ಟು ವಿದ್ಯಾರ್ಥಿಗಳಿದ್ದಾರೆ, ಯಾವ ಮಾಲೀಕ ಕಾಲು ಚಾಚಿ ಕೂತು ಬಾಡಿಗೆ ಉಣ್ಣುತ್ತಾನೆ, ಎಲ್ಲ ಅವಳಿಗೆ ಬಾಯಿಪಾಠ. ಮಂಡಿ ನೋಯತೊಡಗಿದ ವರ್ಷ ಅವಳು ನಿರ್ಧರಿಸಿದಳು: ಬುಟ್ಟಿ ಇಳಿಸಿದ ಮೇಲೆ ಕಾರ್ಕಳಕ್ಕೆ ಮದುವೆಯಾಗಿ ಹೋದ ಮಗಳ ಕೈ ನೋಡುವುದಿಲ್ಲ. ಆರು ಕೋಣೆ ಕಟ್ಟಿ ನಾನೂ ಬಾಡಿಗೆಗೆ ಕೊಡುತ್ತೇನೆ.

ಪೆರ್ಡೂರು ರಸ್ತೆಯಲ್ಲಿ ಹತ್ತು ಸೆಂಟ್ಸ್ ಜಾಗ ತೋರಿಸಿದವನು ಬ್ರೋಕರ್ ಉಮಾನಾಥ. ಬಾವಿಯಲ್ಲಿ ನೀರುಂಟು, ಲಾರಿ ಹೋಗುವ ಮಣ್ಣಿನ ದಾರಿ ಉಂಟು ಎಂದ. ಎರಡೂ ಇದ್ದವು. ಚಿನ್ನ ಮಾರಿ ರಿಜಿಸ್ಟ್ರಿ ಮಾಡಿಸಿದಳು. ಮೂರನೇ ವಾರಕ್ಕೆ ದಾರಿಗೆ ಅಡ್ಡ ಮುಳ್ಳುತಂತಿ ಬಿತ್ತು. ಹಾಕಿಸಿದವರು ಪಕ್ಕದ ಜಮೀನಿನ ಅಣ್ಣು ಶೆಟ್ಟರು.

"ಅದು ನಮ್ಮ ಕುಮ್ಕಿ. ಅಜ್ಜನ ಕಾಲದಿಂದ ನಮ್ಮದೇ. ದಾರಿ ಬೇಕಾದರೆ ಕ್ರಯ ಕೊಟ್ಟು ತೆಗೆದುಕೊ," ಎಂದರು.

ದಾರಿ ಇಲ್ಲದ ಜಾಗಕ್ಕೆ ಪಂಚಾಯತ್ ಲೈಸೆನ್ಸ್ ಕೊಡುವುದಿಲ್ಲ. ಲೈಸೆನ್ಸ್ ಇಲ್ಲದೆ ಆರು ಕೋಣೆ ಬಿಡಿ, ಒಂದು ಕಕ್ಕಸು ಕಟ್ಟುವಂತಿಲ್ಲ.

ಕುಮ್ಕಿ ಎಂದರೆ ಪಟ್ಟಾ ಜಮೀನಿಗೆ ತಾಗಿಕೊಂಡ ಸರಕಾರಿ ನೆಲ. ಜಮೀನಿನವರು ಅದರಲ್ಲಿ ಸೊಪ್ಪು ತೆಗೆಯಬಹುದು, ದನ ಮೇಯಿಸಬಹುದು. ಅಷ್ಟೇ. ಆದರೆ ಮೂರು ತಲೆಮಾರು ಸೊಪ್ಪು ತೆಗೆದವರಿಗೆ ನೆಲವೇ ತಮ್ಮದೆಂಬ ಹುಚ್ಚು. ಸುತ್ತಲಿನವರೂ ಹೌದು ಹೌದೆಂದು ತಲೆ ಅಲ್ಲಾಡಿಸುತ್ತಾರೆ. ವಾರಿಜಕ್ಕನೂ ಅಲ್ಲಾಡಿಸಿದಳು. ಕ್ರಯಕ್ಕೆ ಒಪ್ಪಿ, ಶೆಟ್ಟರ ಜಗಲಿಯಲ್ಲಿ ಉಮಾನಾಥ ಬರೆಸಿ ತಂದ ಸ್ಟಾಂಪ್ ಪೇಪರಿನ ಮುಂದೆ ಪೆನ್ನು ಹಿಡಿದು ಕೂತೂ ಬಿಟ್ಟಳು.

"ಇದು ರಿಜಿಸ್ಟ್ರಿ ಆಗುವುದು ಯಾವಾಗ?" ಎಂದು ಕೇಳಿದಳು.

"ಕುಮ್ಕಿಗೆ ಎಂತ ರಿಜಿಸ್ಟ್ರಿ ಮಾರಾಯ್ತಿ!" ಉಮಾನಾಥ ನಕ್ಕ. "ನಂಬಿಕೆ ಸಾಕು."

ವಾರಿಜಕ್ಕ ಪೆನ್ನು ಕೆಳಗಿಟ್ಟಳು. "ಕಿವಿರು ನೋಡದೆ ನಾನು ಒಂದು ಬಂಗುಡೆಯನ್ನೂ ತೆಗೆದುಕೊಂಡವಳಲ್ಲ. ಪಹಣಿ ತೋರಿಸು."

ಉಮಾನಾಥ, ಶೆಟ್ಟರ ಮುಖ ನೋಡಿದ. ಶೆಟ್ಟರು ತೋಟದ ಕಡೆ ನೋಡಿದರು. ಮರುದಿನ ಅವಳೇ ಹೋಗಿ ಪಹಣಿ ತೆಗೆಸಿದಳು. ಮಾಲೀಕರ ಹೆಸರಿನ ಜಾಗದಲ್ಲಿ ಒಂದೇ ಪದ: ಸರಕಾರ.

ಕಾಗದ ಸಿಕ್ಕಿದ ಮಾತ್ರಕ್ಕೆ ತಂತಿ ತಾನಾಗಿ ಬೀಳುವುದಿಲ್ಲ. ದಾರಿ ಬಿಡಿಸಿಕೊಡಿ ಎಂದು ತಾಲೂಕು ಕಚೇರಿಗೆ ಅರ್ಜಿ ಕೊಟ್ಟಳು. ಸರ್ವೆಯವರು ರಜೆ, ಆಮೇಲೆ ಚುನಾವಣೆ, ಆಮೇಲೆ ಮಳೆ. ಪ್ರತಿ ಮಂಗಳವಾರ ವ್ಯಾಪಾರ ಮುಗಿಸಿ, ಮಿಕ್ಕ ಮೀನಿನ ಬುಟ್ಟಿ ಸಮೇತ ಕಚೇರಿಗೆ ಹೋಗಿ ಮೇಜಿನ ಎದುರೇ ಕೂರುತ್ತಿದ್ದಳು.

"ಅಮ್ಮಾ, ಬುಟ್ಟಿ ಹೊರಗಿಡಿ," ಎಂದ ಗುಮಾಸ್ತ, ಮೂಗಿಗೆ ಕರವಸ್ತ್ರ ಒತ್ತಿಕೊಂಡು.

"ಹೊರಗೆ ಬೆಕ್ಕು ಉಂಟು. ನೀವು ಫೈಲು ತೆಗೆಯಿರಿ, ನಾನು ಬುಟ್ಟಿ ತೆಗೆಯುತ್ತೇನೆ."

ಏಳನೇ ತಿಂಗಳು ಅಳತೆಯಾಯಿತು. ದಾರಿ ಇರುವುದು ಸರಕಾರಿ ನೆಲದಲ್ಲಿ, ಅದನ್ನು ಮುಚ್ಚುವಂತಿಲ್ಲ ಎಂದು ಆದೇಶ ಬಂತು. ಆಳುಗಳು ತಂತಿ ಬಿಚ್ಚಿ ಸುತ್ತುವಾಗ ಅಣ್ಣು ಶೆಟ್ಟರು ಬೇಲಿಯ ಬದಿಯಲ್ಲೇ ನಿಂತಿದ್ದರು.

"ಇಷ್ಟಕ್ಕೆ ಇಷ್ಟು ದೊಡ್ಡದು ಮಾಡಬೇಕಿತ್ತಾ ವಾರಿಜಾ?"

"ಸೊಪ್ಪು ನೀವೇ ತೆಗೆಯಿರಿ ಶೆಟ್ಟರೇ, ನಾನು ಒಂದು ಎಲೆ ಮುಟ್ಟುವುದಿಲ್ಲ. ದಾರಿ ಮಾತ್ರ ಇಬ್ಬರಿಗೂ."

ಲೈಸೆನ್ಸಿಗೆ ಮತ್ತೆ ಎರಡು ತಿಂಗಳು ಹಿಡಿಯಿತು. ಕರೆಂಟಿನವರು ಕಂಬ ಇಲ್ಲ ಎಂದಿದ್ದಾರೆ, ಮೇಸ್ತ್ರಿ ಎರಡು ಸಲ ದರ ಏರಿಸಿದ್ದಾನೆ. ಎಲ್ಲರೊಂದಿಗೂ ಜಗಳ ನಡೆಯುತ್ತಿದೆ. ಜಗಳಕ್ಕೆ ಅವಳು ಹೆದರಿದ್ದು ಯಾವಾಗ?

ಮೊನ್ನೆ ಕೆಂಪುಕಲ್ಲಿನ ಮೊದಲ ಲೋಡು ಬಂತು. ತಿರುವಿನಲ್ಲಿ ಡ್ರೈವರ್ ಬ್ರೇಕ್ ಹಾಕಿ ತಲೆ ಹೊರಗೆ ಹಾಕಿದ.

"ಅಕ್ಕಾ, ಇದು ಯಾರ ದಾರಿ? ಆಮೇಲೆ ಯಾರಾದರೂ ಬೈದರೆ?"

"ಸರಕಾರದ್ದು. ಬೈಯುವವರು ನನ್ನ ಹತ್ತಿರ ಬರಲಿ. ನೀನು ರೈಟಿಗೆ ಕಟ್ ಹೊಡಿ," ಎನ್ನುತ್ತ ವಾರಿಜಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಲಾರಿಯ ಮುಂದೆ ನಡೆದಳು.