ಎರಡು ಬಾಗಿಲುಗಳಲ್ಲಿ ವಿಠೋಬ ತೋರಿಸಿದ ಲೆಕ್ಕ

ನನ್ನ ಮೊಮ್ಮಗಳು ಶಶಿಕಲಾ ಊಟ ಬಿಟ್ಟು ಕೂತಿದ್ದಳು. ಎಂಬತ್ತೆರಡನೇ ಇಸವಿಯ ಮಾತು. ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದವಳು ಪ್ರಾಕ್ಟಿಕಲ್‌ನಲ್ಲಿ ಫೇಲಾಗಿದ್ದಳು. ಸೋಮವಾರ ಮತ್ತೆ ಪರೀಕ್ಷೆ. “ಇದೂ ಹೋದರೆ ಓದು ಸಾಕು” ಎಂದು ಅವಳ ಅಪ್ಪ, ನನ್ನ ಮಗ, ಹೇಳಿಬಿಟ್ಟಿದ್ದ.

ಭಕ್ತರೇ, ನಾನು ಓದಿದ್ದು ಮೂರನೇ ಕ್ಲಾಸು. ಕಾಪುವಿನಲ್ಲಿ ಮೀನು ಮಾರಿ ಬದುಕಿದವಳು. ಆದರೂ ಕೇಳಿದೆ, “ಎಂತ ಮಗಾ ಅದು? ನನಗೂ ಹೇಳು.”

“ಫಿಲ್ಟರ್, ಅಜ್ಜಿ. ದಪ್ಪ ಸ್ವರವನ್ನು ಬಿಡುತ್ತದೆ, ಕೀರಲು ಸ್ವರವನ್ನು ತಡೆಯುತ್ತದೆ. ಸ್ವರ ಹತ್ತರಲ್ಲಿ ಏಳು ಪಾಲಿಗೆ ಇಳಿಯುವ ಜಾಗವೇ ಕಟ್ಆಫ್ ಫ್ರೀಕ್ವೆನ್ಸಿ. ಲೆಕ್ಕದ ಪ್ರಕಾರ ಸಾವಿರ ಹರ್ಟ್ಸ್‌ನಲ್ಲಿ ಬರಬೇಕು. ನನಗೆ ಆರುನೂರ ಚಿಲ್ಲರೆಯಲ್ಲೇ ಬರುತ್ತದೆ! ಕಾರಣ ಹೇಳದಿದ್ದರೆ ಸರ್ ಪಾಸು ಮಾಡುವುದಿಲ್ಲ.”

“ಸಾಮಾನು ಹಾಳಾಗಿರಬಹುದು.”

“ಎಲ್ಲ ಬದಲಾಯಿಸಿಯೂ ಆಯಿತು” ಎಂದು ಅತ್ತಳು.

ನಾನು ದೀಪದ ಮುಂದೆ ಕೂತೆ. ‘ವಿಠೋಬಾ, ನನಗೆ ಅರ್ಥವಾಗುವುದು ಬೇಡ, ಅವಳಿಗೆ ಅರ್ಥವಾಗಲಿ.’

ಶನಿವಾರ ಸಂಜೆ ಎದುರಿನ ವಿಠೋಬ ಮಂದಿರದಲ್ಲಿ ಭಜನೆ ಶುರುವಾಯಿತು. ಮಗುವಿನ ಓದಿಗೆ ತೊಂದರೆಯೆಂದು ಚಾವಡಿಯ ಬಾಗಿಲು ಹಾಕಿದೆ. ತಾಳದ ಸದ್ದು ಕುಗ್ಗಿತು, ಹಾಡು ಕೇಳುತ್ತಿತ್ತು. ಕೋಣೆಯ ಬಾಗಿಲನ್ನೂ ಹಾಕಿದೆ. ಹಾಡೂ ಕುಗ್ಗಿ, ಮೃದಂಗದ ಗುಮ್ ಗುಮ್ ಮಾತ್ರ ಉಳಿಯಿತು.

ಶಶಿ ಎದ್ದು ನಿಂತಳು. “ಅಜ್ಜಿ, ಒಂದು ಬಾಗಿಲು ತೆಗಿ! ಈಗ ಹಾಕು! ಮತ್ತೆ ತೆಗಿ!”

ನನ್ನ ಕೈ ಸೋತಿತು. ಪಕ್ಕದ ಮನೆಯ ಗಿರಿಜಕ್ಕ ಕೂಗಿದಳು, “ಎಂತ ಮಾರಾಯ್ತಿ, ಜಗಳವಾ?”

“ಜಗಳ ಅಲ್ಲ, ಪಾಠ!”

ಶಶಿ ನನ್ನ ಭುಜ ಹಿಡಿದು ಕುಣಿದಳು. “ನನ್ನ ಫಿಲ್ಟರಿನಲ್ಲೂ ಎರಡು ಬಾಗಿಲು ಉಂಟು. ಸಾವಿರದಲ್ಲಿ ಮೊದಲನೆಯದು ಹತ್ತರಲ್ಲಿ ಏಳು ಉಳಿಸುತ್ತದೆ. ಎರಡನೆಯದು ಆ ಏಳನ್ನೂ ಅದೇ ರೀತಿ ಕುಗ್ಗಿಸಿದರೆ ಉಳಿಯುವುದು ಐದೇ! ಏಳು ಉಳಿಯುವ ಜಾಗ ಮೊದಲೇ ಬಂದುಹೋಗಿರುತ್ತದೆ, ಅಲ್ವಾ?”

“ಹಾಗಾದರೆ ಎಂತ ಮಾಡುವುದು?”

“ಅದರಲ್ಲಿ ಸ್ವರ ಹೆಚ್ಚಿಸುವ ಐಸಿ ಚಿಪ್ಪಿನ ಬಲವನ್ನು ಒಂದೂವರೆ ಪಟ್ಟಿಗಿಂತ ಚೂರು ಹೆಚ್ಚು ಮಾಡಬೇಕು. ಆಗ ಅದು ಗಡಿಯ ಹತ್ತಿರ ಬೀಳುವ ಸ್ವರವನ್ನು ಹಿಡಿದೆತ್ತುತ್ತದೆ. ಪುಸ್ತಕದಲ್ಲಿ ಇತ್ತು, ಯಾಕೆಂದು ಈಗ ತಿಳಿಯಿತು. ಅಜ್ಜಿ, ಗಂಜಿ ಉಂಟಾ?”

ಸೋಮವಾರ ನಾನೂ ಅವಳ ಜೊತೆ ಹೊರಟೆ. ಉಡುಪಿಯಲ್ಲಿ ಬಸ್ಸು ಬದಲಿಸಿ ಮಣಿಪಾಲಕ್ಕೆ ಹೋಗಿ, ಕಾಲೇಜಿನ ಮೆಟ್ಟಿಲಲ್ಲಿ ನಾಮ ಜಪಿಸುತ್ತ ಕೂತೆ. ಶಶಿ ಓಡಿ ಬಂದು ಅಪ್ಪಿಕೊಂಡಳು. ಹಿಂದೆಯೇ ಅವಳ ಸರ್ ಬಂದರು.

“ಬಾಗಿಲು ಹಾಕಿದ ಅಜ್ಜಿ ನೀವಾ? ಬನ್ನಿ, ನೋಡಿ.”

ಒಳಗೆ ಪೆಟ್ಟಿಗೆಯ ಗಾಜಿನಲ್ಲಿ ಹಸಿರು ತೆರೆ ಓಡುತ್ತಿತ್ತು. ಶಶಿ ಗುಂಡಿ ತಿರುಗಿಸಿದಳು. ಸರಿಯಾಗಿ ಸಾವಿರಕ್ಕೆ ತೆರೆ ಏಳು ಪಾಲಿಗೆ ಇಳಿಯಿತು. ಮುಂದೆ ತಿರುಗಿಸಿದಂತೆ ಬೇಗಬೇಗ ಸಣ್ಣದಾಯಿತು. ನಾನು ಆ ಪೆಟ್ಟಿಗೆಗೇ ಕೈ ಮುಗಿದೆ. ಸರ್ ನಕ್ಕರು. ನಗಲಿ!

ವಾಪಸು ಬರುವಾಗ ಬಸ್ಸಿನಲ್ಲಿ ಎಲ್ಲರಿಗೂ ಹೇಳಿದೆ, “ನನ್ನ ಪುಳ್ಳಿ, ಮೊಮ್ಮಗಳು, ಪಾಸು!”

“ಸಂತೋಷ ಅಜ್ಜಿ, ಮೊದಲು ಟಿಕೇಟು ಮಾಡಿ” ಎಂದ ಕಂಡಕ್ಟರ್.

ಮನೆಯಲ್ಲಿ ಮಗನಿಗೆ ಸುದ್ದಿ ಹೇಳಿದೆವು. ಅವನು ಮಗಳನ್ನು ಕೇಳಿದ, “ಮುಂದಿನ ವರ್ಷದ ಪುಸ್ತಕ ಯಾವಾಗ ಬೇಕು?”

ಆ ಮಾತು ಕೇಳಿ ನನಗೆ ಅಳು ತಡೆಯಲಾಗಲಿಲ್ಲ. ಈಗ ಶನಿವಾರ ಮಂದಿರಕ್ಕೆ ಮೊದಲು ಹೋಗುವವಳು ನಾನೇ, ಗಂಟಲು ಬಿಚ್ಚಿ ಹಾಡುವವಳೂ ನಾನೇ. ನಂಬಿ ಕೇಳಿ, ನನ್ನ ವಿಠೋಬ ಕೇಳಿಸಿಕೊಳ್ಳುತ್ತಾನೆ.